ಐವತ್ತು ದಾಟಿದ ಮೇಲೆ ಆರೋಗ್ಯದ ಲೆಕ್ಕ ಕಲಿಯಹೊರಟದ್ದು



ಈ ಪುಟಗಳಲ್ಲಿ ಸಾಮಾನ್ಯವಾಗಿ ಕೊಳೆರೋಗ, ಬೋರ್ಡೋ ದ್ರಾವಣ, ಚಾಲಿಯ ಧಾರಣೆ, ಕಾಫಿ ಒಣಗಿಸುವ ಕ್ರಮ ಇವುಗಳ ಬಗ್ಗೆ ಬರೆಯುತ್ತ ಬಂದಿದ್ದೇನೆ. ಈ ಸಲ ವಿಷಯ ಬೇರೆ. ಆದರೂ ಅದು ನಮ್ಮ ತೋಟಕ್ಕೆ ಹೊರತಾದುದಲ್ಲವೆಂದು ಕೊನೆಯವರೆಗೆ ಓದಿದವರಿಗೆ ತಿಳಿದೀತು.

ಕೈಗಾದ ಸುತ್ತಲಿನ ಹಳ್ಳಿಗಳಲ್ಲಿ ಒಂದು ಮಾತು ಬಹಳ ಕಾಲದಿಂದ ಇದೆ: "ಸ್ಥಾವರ ಬಂದ ಮೇಲೆ ಕ್ಯಾನ್ಸರ್ ಹೆಚ್ಚಾಯಿತು." ಮದುವೆ ಮನೆಯಲ್ಲಿ, ಶ್ರಾದ್ಧದ ಊಟದಲ್ಲಿ, ಅಡಿಕೆಯ ತೂಕಕ್ಕೆ ಕಾಯುವ ಹೊತ್ತಿನಲ್ಲಿ ಈ ಮಾತು ಬಂದೇ ಬರುತ್ತದೆ. ಕಾಳಿ ನದಿಯ ದಂಡೆಯಲ್ಲಿ 220 ಮೆಗಾವಾಟಿನ ಮೊದಲೆರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. 2009ರ ನವೆಂಬರಿನಲ್ಲಿ ಸ್ಥಾವರದೊಳಗೆ ಕೆಲಸಗಾರರು ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಷಿಯಂ ಬೆರೆತದ್ದು ಪತ್ತೆಯಾದಾಗ ಜನರ ಭಯಕ್ಕೆ ಇನ್ನಷ್ಟು ಬಲ ಬಂತು.

ಕೆಲವು ವರ್ಷಗಳ ಹಿಂದೆ ಸದಸ್ಯರು ಕೆಲವರು, "ಕಾರ್ಯದರ್ಶಿಗಳೇ, ನೀವು ಓದಿದವರು, ಒಂದು ಪಟ್ಟಿ ಮಾಡಿ ಮೇಲಿನವರಿಗೆ ಕೊಡಿ" ಎಂದರು. ನಾನು ಬಿ.ಎಸ್ಸಿ. ಮುಗಿಸಿ ತೋಟಕ್ಕೆ ಮರಳಿ ಮೂವತ್ತು ವರ್ಷ ದಾಟಿದೆ. ಆದರೂ ಒಪ್ಪಿದೆ. ಮನೆಮನೆಗೆ ಕೇಳಿ ಬರೆದೆ. ಹಾಳೆಯ ಎರಡೂ ಬದಿ ತುಂಬಿತು. ಕೊನೆಯ ಸಾಲಿನಲ್ಲಿ ನನ್ನ ಸ್ವಂತ ಅಣ್ಣನ ಹೆಸರು. ಬಾಯಿಯ ಕ್ಯಾನ್ಸರಿನಿಂದ ತೀರಿಕೊಂಡವನು. ಕಾರಣದ ಜಾಗದಲ್ಲಿ ಎಲ್ಲರಿಗೂ ಬರೆದಂತೆ ಅವನಿಗೂ 'ಕೈಗಾ' ಎಂದು ಬರೆದೆ.

ಪಟ್ಟಿಯನ್ನು ಪರಿಚಯದ ಯುವ ವೈದ್ಯೆಯೊಬ್ಬರಿಗೆ ತೋರಿಸಿದೆ. ಅವರು ತಾಳ್ಮೆಯಿಂದ ಓದಿ, "ಸಾರ್, ಇದು ಅಂಶ ಮಾತ್ರ. ಛೇದ ಎಲ್ಲಿದೆ?" ಎಂದರು. ಪ್ರಾಥಮಿಕ ಶಾಲೆಯ ಭಿನ್ನರಾಶಿ! ಎಷ್ಟು ಜನರಲ್ಲಿ ಇಷ್ಟು? ಎಷ್ಟು ವರ್ಷಗಳಲ್ಲಿ? ಯಾವ ವಯಸ್ಸಿನವರಲ್ಲಿ? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ತೋಟದ ಇಳುವರಿಯನ್ನು ಎಕರೆಗೆ ಇಷ್ಟು ಕ್ವಿಂಟಾಲ್ ಎಂದು ಹೇಳದೆ ಬರೀ ಮೂಟೆ ಎಣಿಸಿ ಹೇಳಿದರೆ ನಾವೇ ನಗುತ್ತೇವೆ. ನಾನು ಮಾಡಿದ್ದು ಅದೇ ಕೆಲಸ.

ಆ ನಾಚಿಕೆಯೇ ನನ್ನನ್ನು ಸಾರ್ವಜನಿಕ ಆರೋಗ್ಯದ ಸಂಖ್ಯಾಶಾಸ್ತ್ರದಲ್ಲಿ ಪದವೀಧರರಿಗೆಂದು ಇರುವ ಒಂದು ಪ್ರಮಾಣಪತ್ರ ಶಿಕ್ಷಣಕ್ಕೆ ಸೇರಿಸಿತು. ಮನೆಯಲ್ಲಿಯೇ ಓದುವ ಪಾಠ. ನೆಟ್‌ವರ್ಕ್ ಸಿಗುವುದು ಗುಡ್ಡದ ತಲೆಯ ಮೇಲೆ. ಹಾಗಾಗಿ ಸಂಜೆ ಲ್ಯಾಪ್‌ಟಾಪ್ ಹೊತ್ತು ಗುಡ್ಡ ಹತ್ತುವುದು ರೂಢಿಯಾಯಿತು. ಮೊದಲ ಉತ್ತರಪತ್ರಿಕೆಗೆ ಬಂದ ಅಂಕವನ್ನು ಮನೆಯಲ್ಲಿ ಹೇಳಲಿಲ್ಲ.

ಕಲಿತದ್ದರಲ್ಲಿ ಮೊದಲನೆಯದು ವಯಸ್ಸಿನ ಮಾತು. ನಮ್ಮ ಹಳ್ಳಿಗಳಲ್ಲಿ ಈಗ ಯಾರಿದ್ದಾರೆ? ಮಕ್ಕಳು ಬೆಂಗಳೂರು ಸೇರಿದ್ದಾರೆ, ಉಳಿದವರು ಅರವತ್ತು ದಾಟಿದವರು. ಕ್ಯಾನ್ಸರ್ ವಯಸ್ಸಾದಂತೆ ಹೆಚ್ಚುವ ಕಾಯಿಲೆ. ಸಾವಿರ ಜನರ ಊರಿನಿಂದ ನಾಲ್ಕು ನೂರು ಯುವಕರು ಹೊರಟುಹೋದರೆಂದು ಇಟ್ಟುಕೊಳ್ಳಿ. ರೋಗಿಗಳು ಮೊದಲಿನಷ್ಟೇ ಇದ್ದರೂ ಸಾವಿರಕ್ಕೆ ಇಷ್ಟೆಂಬ ದರ ತಾನಾಗಿಯೇ ಏರುತ್ತದೆ. ಆದ್ದರಿಂದ ಅರವತ್ತರವರನ್ನು ಅರವತ್ತರವರೊಡನೆ, ಮೂವತ್ತರವರನ್ನು ಮೂವತ್ತರವರೊಡನೆ ಹೋಲಿಸಬೇಕು. ಹತ್ತು ವರ್ಷದ ಮರದ ಫಸಲನ್ನು ಮೂವತ್ತು ವರ್ಷದ ಮರದ ಫಸಲಿನೊಡನೆ ನಾವು ಹೋಲಿಸುತ್ತೇವೆಯೇ?

ಎರಡನೆಯದು ಪತ್ತೆಯ ಮಾತು. ಹಿಂದೆ 'ಹೊಟ್ಟೆಯಲ್ಲಿ ಗಡ್ಡೆ' ಎಂದು ಹೆಸರಿಲ್ಲದೆ ಸತ್ತವರು ಎಷ್ಟೋ ಮಂದಿ. ಇಂದು ಸ್ಕ್ಯಾನಿಂಗ್ ಇದೆ, ಹೆಸರು ಸಿಗುತ್ತದೆ. ರೋಗ ಹೆಚ್ಚಿತೋ, ಪತ್ತೆ ಹೆಚ್ಚಿತೋ ಎಂಬುದನ್ನು ಬೇರ್ಪಡಿಸಬೇಕು. ಅದಕ್ಕೆ ಬೇಕಾದುದು ನೋಂದಣಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರವಾಸಿಗಳ ಕ್ಯಾನ್ಸರ್ ನೋಂದಣಿ ನಡೆದಿದೆ. ನಮ್ಮ ಕಡೆಯ ರೋಗಿ ಮಾತ್ರ ಒಬ್ಬ ಮಣಿಪಾಲಕ್ಕೆ, ಇನ್ನೊಬ್ಬ ಹುಬ್ಬಳ್ಳಿಗೆ, ಮತ್ತೊಬ್ಬ ಗೋವೆಗೆ ಹೋಗುತ್ತಾನೆ. ಕಾಗದಗಳೆಲ್ಲ ಒಂದೆಡೆ ಕೂಡದ ಹೊರತು ಲೆಕ್ಕ ಕೂಡುವುದಿಲ್ಲ.

ಇಂಥ ಲೆಕ್ಕವನ್ನು ಚೆನ್ನಾಗಿ ಮಾಡಿದ ಉದಾಹರಣೆ ನಮ್ಮದೇ ಪಶ್ಚಿಮ ಕರಾವಳಿಯಲ್ಲಿದೆ. ಕೇರಳದ ಕರುನಾಗಪ್ಪಳ್ಳಿಯ ಮರಳಿನಲ್ಲಿ ಥೋರಿಯಂ ಇರುವುದರಿಂದ ಸಹಜ ವಿಕಿರಣವೇ ಹೆಚ್ಚು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದವರು ಅಲ್ಲಿ 1990ರಿಂದ ಮನೆಮನೆಯ ಸಮೀಕ್ಷೆ ಮಾಡಿ, ಸುಮಾರು 70 ಸಾವಿರ ಜನರನ್ನು 2005ರವರೆಗೆ ಗಮನಿಸಿದರು. 1,379 ಕ್ಯಾನ್ಸರ್ ರೋಗಿಗಳು ಕಂಡರು. ವಿಕಿರಣ ಹೆಚ್ಚಿದ್ದ ಕಡೆ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲವೆಂದು 2009ರಲ್ಲಿ ಪ್ರಕಟಿಸಿದರು. ಇದರಿಂದ ಕೈಗಾ ನಿರಪಾಯಕರ ಎಂದು ನಾನು ಹೇಳುತ್ತಿಲ್ಲ. ಅಲ್ಲಿಯದು ನೆಲದ ವಿಕಿರಣ, ಇಲ್ಲಿಯದು ಸ್ಥಾವರ. ಅಂಥ ಪ್ರಶ್ನೆಗೆ ಉತ್ತರ ಬೇಕಾದರೆ ಎಷ್ಟು ಜನ, ಎಷ್ಟು ವರ್ಷ, ಎಷ್ಟು ಶ್ರಮ ಬೇಕೆಂಬುದನ್ನು ನೋಡಿರಿ. ನನ್ನ ಒಂದು ಹಾಳೆ ಎಲ್ಲಿ, ಅದೆಲ್ಲಿ!

ಇನ್ನು ಹೇಳಲು ಕಷ್ಟವಾದ ಮಾತು. ಒಂದು ಪಾಠದಲ್ಲಿ, ರೋಗಿಯನ್ನು ಒಂದೇ ಕಾರಣದ ಬಗ್ಗೆ ಕೇಳಬಾರದು, ಆತನ ಬದುಕಿನ ಎಲ್ಲ ರೂಢಿಗಳನ್ನೂ ಕೇಳಬೇಕು ಎಂದಿತ್ತು. ಅಣ್ಣನ ನೆನಪಾಯಿತು. ಅವನಿಗೆ ದಿನಕ್ಕೆ ಹತ್ತು ಹನ್ನೆರಡು ಕವಳ. ಕವಳದ ಸಂಚಿ ಇಲ್ಲದೆ ಅವನು ತೋಟಕ್ಕೆ ಇಳಿದದ್ದಿಲ್ಲ. ಪಟ್ಟಿ ಮಾಡುವಾಗ ಅದನ್ನು ನಾನು ಯಾರಲ್ಲೂ ಕೇಳಿರಲೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲಿ ಹೊಗೆಸೊಪ್ಪು ಬೆರೆತ ಕವಳವನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು. ಹೊಗೆಸೊಪ್ಪಿಲ್ಲದ ಕವಳದ ಬಗ್ಗೆ ಆಗ ಪುರಾವೆ ಸಾಲದಾಗಿತ್ತು. ನಾವೂ "ಅದು ಹೊಗೆಸೊಪ್ಪಿನ ಪಾಪ" ಎಂದು ಸಮಾಧಾನ ಹೇಳಿಕೊಂಡೆವು. ಆದರೆ ತೈವಾನಿನಲ್ಲಿ ಹೊಗೆಸೊಪ್ಪಿಲ್ಲದೆಯೇ ಅಡಿಕೆ ಜಗಿಯುತ್ತಾರೆ. ಅಲ್ಲಿನ ಅಧ್ಯಯನಗಳೂ ಸೇರಿದಂತೆ ಹೊಸ ಪುರಾವೆಗಳನ್ನು ನೋಡಿ, 2004ರಲ್ಲಿ ಪ್ರಕಟವಾದ ವರದಿಯಲ್ಲಿ ಅದೇ ಸಂಸ್ಥೆ ಅಡಿಕೆಯನ್ನೇ ಮೊದಲ ವರ್ಗದ ಪಟ್ಟಿಗೆ ಸೇರಿಸಿತು. 2022ರಲ್ಲಿ ಜಗತ್ತಿನಲ್ಲಿ ಕಂಡ 3,89,800 ಬಾಯಿ ಕ್ಯಾನ್ಸರುಗಳಲ್ಲಿ 1,20,200ಕ್ಕೆ ಜಗಿಯುವ ತಂಬಾಕು ಮತ್ತು ಅಡಿಕೆ ಕಾರಣವೆಂದೂ, ಅವುಗಳಲ್ಲಿ 83,400 ಭಾರತದವೆಂದೂ ಅದರ 2024ರ ಅಂದಾಜು.

ಈ ವರ್ಗೀಕರಣ ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನು. ಒಂದು ಹೋಳು ತಿಂದರೆ ಎಷ್ಟು ಅಪಾಯ ಎಂಬುದನ್ನಲ್ಲ. ಈ ಭೇದವನ್ನು ಧಾರಣೆ ಕುಸಿದಾಗ ಗಟ್ಟಿಯಾಗಿ ಹೇಳುವ ಹಕ್ಕು ನಮಗಿದೆ. ಆದರೆ ಪುರಾವೆಯೇ ಇಲ್ಲವೆನ್ನುವ ಹಕ್ಕಿಲ್ಲ. ಅಡಿಕೆಯೇ ನಮ್ಮ ಅನ್ನ. ನನ್ನ ಮಕ್ಕಳ ಓದೂ, ಈ ನನ್ನ ಓದೂ ಅಡಿಕೆಯ ಹಣದಿಂದಲೇ. ಸ್ಥಾವರದವರ ಲೆಕ್ಕವನ್ನು ಸಂಶಯದಿಂದ ನೋಡುವ ನಾವು ನಮ್ಮ ಬೆಳೆಯ ಲೆಕ್ಕ ಬಂದಾಗ ಕಣ್ಣು ಮುಚ್ಚಿದರೆ ನಮ್ಮ ಮಾತನ್ನು ಯಾರು ನಂಬಿಯಾರು?

ಈ ವಿದ್ಯೆ ನಮಗೆ ಪರಕೀಯವೂ ಅಲ್ಲ. ಫಿಶರ್ ಅದರ ಬಹುಪಾಲನ್ನು ಕಟ್ಟಿದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದ ಹೊಲಗಳಲ್ಲಿ. ಮಹಾಲನೋಬಿಸರು ಅದನ್ನು ಬಂಗಾಳದ ಸೆಣಬಿನ ಬೆಳೆ ಅಂದಾಜಿಗೆ ಬಳಸಿದರು. ಜಗತ್ತೇ ಗೌರವಿಸಿದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಸದಸ್ಯರ ಮಕ್ಕಳಲ್ಲಿ ಪದವೀಧರರು ಅನೇಕರಿದ್ದಾರೆ. ಚೆನ್ನೈನ ರಾಷ್ಟ್ರೀಯ ಸೋಂಕುರೋಗಶಾಸ್ತ್ರ ಸಂಸ್ಥೆಯವರು ಆರೋಗ್ಯ ಸಂಶೋಧನೆಯ ಮೂಲಪಾಠಗಳನ್ನು ಎನ್‌ಪಿಟಿಇಎಲ್ ಮೂಲಕ ನಡೆಸಿದ್ದಾರೆ; ಅಲ್ಲಿ ಪಾಠಕ್ಕೆ ಶುಲ್ಕವಿಲ್ಲ, ಪರೀಕ್ಷೆಗೆ ಮಾತ್ರ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಅನ್ವಯಿಕ ಸಂಖ್ಯಾಶಾಸ್ತ್ರದ ಸ್ನಾತಕೋತ್ತರ ಡಿಪ್ಲೊಮಾದಲ್ಲಿ ಜೀವಸಂಖ್ಯಾಶಾಸ್ತ್ರವನ್ನು ಆರಿಸಿಕೊಳ್ಳಬಹುದು. ಸೇರುವ ಮೊದಲು ಅರ್ಹತೆಯ ನಿಯಮಗಳನ್ನು ಅವರವರಲ್ಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಊರಿಗೊಬ್ಬರು ಇದನ್ನು ಕಲಿತರೆ, ನಾಳೆ ಯಾವ ಅಧಿಕಾರಿ ಯಾವ ವರದಿ ತಂದರೂ "ಛೇದ ಯಾವುದು? ವಯಸ್ಸು ಹೊಂದಿಸಿದ್ದೀರಾ?" ಎಂದು ಕೇಳುವವರು ನಮ್ಮಲ್ಲೇ ಇರುತ್ತಾರೆ.

ಹಳೆಯ ಪಟ್ಟಿಯನ್ನು ನಾನು ಯಾರಿಗೂ ಕೊಡಲಿಲ್ಲ. ರೋಗಿಗಳ ಒಪ್ಪಿಗೆಯಿಲ್ಲದೆ ಹೆಸರು ಬರೆದದ್ದೇ ತಪ್ಪೆಂದು ಈಗ ತಿಳಿದಿದೆ. ಅಣ್ಣನ ಸಾಲನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಮುಂದಿನ 'ಕೈಗಾ' ಎಂಬುದನ್ನು ಹೊಡೆದುಹಾಕಿದ್ದೇನೆ. 'ಕವಳ' ಎಂದೂ ಬರೆದಿಲ್ಲ. ಸಂಖ್ಯಾಶಾಸ್ತ್ರ ಸಾವಿರ ಜನರ ಬಗ್ಗೆ ಹೇಳೀತು, ಒಬ್ಬನ ಸಾವಿಗೆ ಇದೇ ಕಾರಣವೆಂದು ಹೇಳಲಾರದು. ಆ ಜಾಗ ಖಾಲಿ ಇದೆ.

ಕೊನೆಯದಾಗಿ ವಿನಂತಿ. ಕವಳ ಹಾಕುವ ಸದಸ್ಯರು ಇಂದೇ ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡಿರಿ. ಬಿಳಿ ಅಥವಾ ಕೆಂಪು ಕಲೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವುಗಳಲ್ಲಿ ಏನು ಕಂಡರೂ ಕೊಯ್ಲು ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಹೋಗಿರಿ. ಅಣ್ಣ ಕೊಯ್ಲು ಮುಗಿಯಲೆಂದು ಕಾದಿದ್ದ.

— ಕಾರ್ಯದರ್ಶಿ