ಲ್ಯಾಕ್ಟೋಸ್ ಬ್ಯಾಕ್ಟೀರಿಯಾಕ್ಕೆ ಏನನ್ನೂ ಕಲಿಸುವುದಿಲ್ಲ

ಹೊಸ ಆಹಾರ ಎದುರಾದಾಗ ಅದನ್ನು ಅರಗಿಸುವ ಸಾಮರ್ಥ್ಯವನ್ನು ಬ್ಯಾಕ್ಟೀರಿಯಾ ಆ ಆಹಾರದಿಂದಲೇ ಪಡೆಯುತ್ತದೆ ಎಂಬ ಕಲ್ಪನೆಯಿದೆ. ಕರುಳಿನಲ್ಲಿ ವಾಸಿಸುವ ಇ. ಕೋಲಿಯನ್ನು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಇರುವ ದ್ರಾವಣದಲ್ಲಿ ಬೆಳೆಸಿದ ಕೆಲವೇ ನಿಮಿಷಗಳಲ್ಲಿ, ಅದನ್ನು ಒಡೆಯುವ ಬೀಟಾ-ಗ್ಯಾಲಕ್ಟೊಸಿಡೇಸ್ ಎಂಬ ಕಿಣ್ವ ಹೆಚ್ಚತೊಡಗಿ ಕ್ರಮೇಣ ಸುಮಾರು 1,000 ಪಟ್ಟಾಗುವುದನ್ನು ಗಮನಿಸಿದರೆ ಈ ಕಲ್ಪನೆ ಸಹಜವೆಂದೇ ತೋರುತ್ತದೆ. ವಾಸ್ತವದಲ್ಲಿ ಆ ಕಿಣ್ವದ ವಂಶವಾಹಿ ಕೋಶದಲ್ಲಿ ಮೊದಲೇ ಇದ್ದು, ರಿಪ್ರೆಸರ್ ಎಂಬ ತಡೆ-ಅಣು ಡಿಎನ್‌ಎಗೆ ಅಂಟಿಕೊಂಡು ಅದರ ನಕಲು ತಯಾರಾಗದಂತೆ ನೋಡಿಕೊಳ್ಳುತ್ತದೆ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಈ ವಿವರಣೆಯನ್ನು 1961ರಲ್ಲಿ ಮಂಡಿಸಿದರು. ರಿಪ್ರೆಸರ್ ಒಂದು ಪ್ರೋಟೀನ್ ಎಂಬುದು 1966ರಲ್ಲಿ ಖಚಿತವಾಯಿತು. ರಿಪ್ರೆಸರ್ ಕೆಟ್ಟುಹೋದ ತಳಿಗಳು ಲ್ಯಾಕ್ಟೋಸ್ ಇಲ್ಲದೆಯೂ ಕಿಣ್ವವನ್ನು ತಯಾರಿಸುತ್ತಲೇ ಇರುತ್ತವೆ. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯವೆಂದರೆ ಐಪಿಟಿಜಿ ಎಂಬ ಕೃತಕ ಸಂಯುಕ್ತ: ಬೀಟಾ-ಗ್ಯಾಲಕ್ಟೊಸಿಡೇಸ್ ಇದನ್ನು ಒಡೆಯಲಾರದು, ಕೋಶಕ್ಕೆ ಇದರಿಂದ ಆಹಾರವೂ ದೊರೆಯದು, ಆದರೂ ಇದರ ಸಂಪರ್ಕವೊಂದೇ ಕಿಣ್ವದ ಉತ್ಪಾದನೆಯನ್ನು ಆರಂಭಿಸುತ್ತದೆ.

ರಿಪ್ರೆಸರ್ ವಂಶವಾಹಿಯನ್ನು ಸಂಪೂರ್ಣವಾಗಿ ಮುಚ್ಚಿಬಿಡುತ್ತದೆ ಎಂಬ ತಿಳಿವಳಿಕೆಯೂ ಸರಿಯಲ್ಲ, ಮತ್ತು ಈ ವ್ಯವಸ್ಥೆಯ ಅತ್ಯಂತ ಸ್ವಾರಸ್ಯಕರ ಸಂಗತಿ ಇಲ್ಲಿಯೇ ಇದೆ. ರಿಪ್ರೆಸರಿನ ಹಿಡಿತವನ್ನು ಸಡಿಲಿಸುವುದು ಲ್ಯಾಕ್ಟೋಸ್ ಅಲ್ಲ, ಅದರಿಂದ ರೂಪುಗೊಳ್ಳುವ ಅಲೋಲ್ಯಾಕ್ಟೋಸ್. ಆ ರೂಪಾಂತರವನ್ನು ನಡೆಸುವುದು ಬೀಟಾ-ಗ್ಯಾಲಕ್ಟೊಸಿಡೇಸ್. ಲ್ಯಾಕ್ಟೋಸನ್ನು ಕೋಶದೊಳಕ್ಕೆ ತರುವುದು ಅದೇ ಆಪರಾನಿನಿಂದ, ಅಂದರೆ ಒಂದೇ ನಿಯಂತ್ರಣಕ್ಕೆ ಒಳಪಟ್ಟ ವಂಶವಾಹಿಗಳ ಸಾಲಿನಿಂದ, ಹುಟ್ಟುವ ಪರ್ಮಿಯೇಸ್ ಎಂಬ ಪ್ರೋಟೀನ್. ತಡೆಯ ನಡುವೆಯೂ ಇವೆರಡರ ಕೆಲವು ಅಣುಗಳು ತಯಾರಾಗದೆ ಹೋಗಿದ್ದರೆ, ಸುತ್ತಲೂ ಎಷ್ಟೇ ಲ್ಯಾಕ್ಟೋಸ್ ಇದ್ದರೂ ಕೋಶಕ್ಕೆ ಅದರ ಸುಳಿವೇ ಸಿಗುತ್ತಿರಲಿಲ್ಲ.

ಲ್ಯಾಕ್ಟೋಸ್ ಜೊತೆಗೆ ಗ್ಲೂಕೋಸ್ ಎಂಬ ಸಕ್ಕರೆಯೂ ಇದ್ದಾಗ ಇ. ಕೋಲಿ ಮೊದಲು ಗ್ಲೂಕೋಸನ್ನು ಮುಗಿಸಿ, ಸ್ವಲ್ಪ ಹೊತ್ತು ಬೆಳವಣಿಗೆಯನ್ನು ನಿಲ್ಲಿಸಿ, ಬಳಿಕವೇ ಲ್ಯಾಕ್ಟೋಸನ್ನು ಬಳಸುತ್ತದೆ. ಗ್ಲೂಕೋಸ್ ಸೈಕ್ಲಿಕ್ ಎಎಂಪಿ ಎಂಬ ಸಂಕೇತಾಣುವಿನ ಮಟ್ಟವನ್ನು ತಗ್ಗಿಸುವುದೇ ಇದಕ್ಕೆ ಕಾರಣವೆಂದು ಹಲವು ಪಠ್ಯಪುಸ್ತಕಗಳು ಹೇಳುತ್ತವೆಯಾದರೂ, ಬೆಳವಣಿಗೆಯ ಎರಡೂ ಹಂತಗಳಲ್ಲಿ ಆ ಮಟ್ಟ ಹೆಚ್ಚುಕಡಿಮೆ ಒಂದೇ ಆಗಿರುವುದನ್ನು ಜಪಾನಿನ ಸಂಶೋಧಕರು 1996ರಲ್ಲಿ ಪ್ರಕಟಿಸಿದರು. ಗ್ಲೂಕೋಸನ್ನು ಒಳತರುವಾಗ ಫಾಸ್ಫೇಟ್ ಕಳೆದುಕೊಳ್ಳುವ ಪ್ರೋಟೀನೊಂದು ಪರ್ಮಿಯೇಸಿಗೆ ಅಂಟಿಕೊಂಡು ಲ್ಯಾಕ್ಟೋಸಿನ ಪ್ರವೇಶವನ್ನೇ ತಡೆಯುವುದು ಇಲ್ಲಿ ಹೆಚ್ಚು ಮುಖ್ಯವಾದ ಕಾರಣ.

ಪೋಷಕಾಂಶ ಯಾವಾಗಲೂ ವಂಶವಾಹಿಗೆ ಚಾಲನೆ ನೀಡುತ್ತದೆ ಎಂದೂ ತಿಳಿಯಬಾರದು. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲ ಹೇರಳವಾಗಿದ್ದಾಗ, ಅದು ಬೇರೊಂದು ರಿಪ್ರೆಸರನ್ನು ಸೇರಿಕೊಂಡು, ತನ್ನ ತಯಾರಿಕೆಗೆ ಬೇಕಾದ ವಂಶವಾಹಿಗಳ ಕೆಲಸವನ್ನೇ ತಡೆಯುತ್ತದೆ.