ಹೃದಯದ ತೂತು ಮತ್ತು ಲಕ್ವಾ: ಯಾರಿಗೆ ಮುಚ್ಚಬೇಕು, ಯಾರಿಗೆ ಬೇಡ

ಘಟ್ಟದ ಮೇಲಿನ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಲಕ್ವಾ ಎಂದರೆ ವಯಸ್ಸಾದವರಿಗೆ, ಬಿ.ಪಿ. ಇದ್ದವರಿಗೆ ಬರುವ ಕಾಯಿಲೆ ಎಂಬ ಎಣಿಕೆ. ಹಾಗಾಗಿ ಬಿ.ಪಿ.ಯೂ ಇಲ್ಲದ, ಸಕ್ಕರೆ ಕಾಯಿಲೆಯೂ ಇಲ್ಲದ ಮೂವತ್ತೈದು ನಲವತ್ತರ ಮನುಷ್ಯನಿಗೆ ಒಂದು ಬೆಳಿಗ್ಗೆ ಕೈ ಸೋತು ಮಾತು ತೊದಲಿದರೆ ಮನೆಮಂದಿಗೆ ದಿಕ್ಕೇ ತೋಚುವುದಿಲ್ಲ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಕರೆದೊಯ್ದು ಎಲ್ಲ ತಪಾಸಣೆ ಮುಗಿಸಿದ ಮೇಲೆ ಡಾಕ್ಟರು ಹೇಳುವ ಮಾತು ಇನ್ನೊಂದು ಆಘಾತ: "ಹೃದಯದಲ್ಲಿ ಸಣ್ಣ ತೂತಿದೆ."

ಅಲ್ಲಿಂದ ಎರಡು ಬಗೆಯ ತಪ್ಪು ಶುರುವಾಗುತ್ತದೆ. ಕೆಲವರು "ಹೃದಯದ ಆಪರೇಷನ್ ಬೇಡವೇ ಬೇಡ" ಎಂದು ನಾಟಿ ಔಷಧಿಯ ಕಡೆಗೆ ತಿರುಗುತ್ತಾರೆ. ಇನ್ನು ಕೆಲವರು "ಎಷ್ಟು ಖರ್ಚಾದರೂ ಸರಿ, ನಾಳೆಯೇ ಮುಚ್ಚಿಬಿಡಿ" ಎನ್ನುತ್ತಾರೆ. ತೂತು ಇದೆ ಎಂಬುದು ಒಂದು ಮಾತು, ಆ ತೂತಿನಿಂದಲೇ ಲಕ್ವಾ ಬಂತು ಎಂಬುದು ಬೇರೆಯೇ ಮಾತು. ಇವೆರಡನ್ನೂ ಬಿಡಿಸಿ ನೋಡಿದಾಗಲೇ ಸರಿಯಾದ ತೀರ್ಮಾನ ಸಿಗುತ್ತದೆ.

ನಂಬಿಕೆ 1: ಹೃದಯದಲ್ಲಿ ತೂತು ಎಂದರೆ ಅದೊಂದು ದೊಡ್ಡ ಕಾಯಿಲೆ.

ಸತ್ಯ: ಈ ತೂತು ಒಂದು ಕಾಲದಲ್ಲಿ ನಮ್ಮೆಲ್ಲರ ಹೃದಯದಲ್ಲೂ ಇತ್ತು. ತಾಯಿಯ ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕ ತಾಯಿಯ ಮಾಸಿನಿಂದ ಬರುತ್ತದೆ. ಹಾಗಾಗಿ ರಕ್ತ ಶ್ವಾಸಕೋಶವನ್ನು ಬಳಸದೆ ಬಲ ಹೃತ್ಕರ್ಣದಿಂದ ಎಡ ಹೃತ್ಕರ್ಣಕ್ಕೆ ನೇರವಾಗಿ ದಾಟಲು ನಡುಗೋಡೆಯಲ್ಲಿ ಒಂದು ಕಂಡಿ ಇರುತ್ತದೆ. ಹುಟ್ಟಿದ ಮಗು ಅತ್ತು ಉಸಿರೆಳೆದ ಕೂಡಲೇ ಎಡಗಡೆಯ ಒತ್ತಡ ಏರಿ ಆ ಕಂಡಿಯ ಪೊರೆ ಗೋಡೆಗೆ ಒತ್ತಿಕೊಳ್ಳುತ್ತದೆ. ಮುಂದೆ ನಿಧಾನವಾಗಿ ಅಂಟಿಕೊಂಡುಬಿಡುತ್ತದೆ.

ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅದು ಪೂರ್ತಿ ಅಂಟುವುದಿಲ್ಲ. ಅಗುಳಿ ಹಾಕದೆ ಮುಚ್ಚಿಟ್ಟ ಬಾಗಿಲಿನ ಹಾಗೆ, ಸಾಮಾನ್ಯವಾಗಿ ಮುಚ್ಚಿಯೇ ಇರುತ್ತದೆ, ಬಲಗಡೆಯಿಂದ ಒತ್ತಡ ಬಿದ್ದರೆ ತುಸು ತೆರೆಯುತ್ತದೆ. ಇದಕ್ಕೆ ಪೇಟೆಂಟ್ ಫೊರಾಮೆನ್ ಓವೇಲ್, ಚಿಕ್ಕದಾಗಿ ಪಿ.ಎಫ್.ಒ. ಎಂದು ಹೆಸರು. ಶಿರಸಿಯ ಪೇಟೆಯಲ್ಲಿ ಎದುರಾಗುವ ನೂರು ಜನರಲ್ಲಿ ಇಪ್ಪತ್ತೈದು ಮಂದಿಗೆ ಇದು ಇದ್ದೀತು. ಅವರಲ್ಲಿ ಹೆಚ್ಚಿನವರು ಬದುಕಿಡೀ ಇದನ್ನು ಅರಿಯದೆಯೇ ಚೆನ್ನಾಗಿರುತ್ತಾರೆ.

ಮಕ್ಕಳಲ್ಲಿ ಕಾಣುವ ಎ.ಎಸ್.ಡಿ. ಎಂಬ ತೂತು ಬೇರೆ. ಅಲ್ಲಿ ನಡುಗೋಡೆಯ ಒಂದು ಭಾಗವೇ ಇರುವುದಿಲ್ಲ. ಅದು ದೊಡ್ಡದಾಗಿದ್ದರೆ ಹೃದಯಕ್ಕೂ ಶ್ವಾಸಕೋಶಕ್ಕೂ ಭಾರ ಬೀಳುತ್ತದೆ. ಪಕ್ಕದ ಮನೆಯ ಮಗುವಿಗೆ ಹಾಗಾಯಿತು ಎಂದು ಪಿ.ಎಫ್.ಒ. ಇದ್ದವರು ಹೆದರಬೇಕಿಲ್ಲ.

ನಂಬಿಕೆ 2: ಲಕ್ವಾ ಬರುವುದು ಮಿದುಳಿಗೆ, ನರಕ್ಕೆ. ಹೃದಯಕ್ಕೂ ಅದಕ್ಕೂ ಏನು ಸಂಬಂಧ?

ಸತ್ಯ: ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ ತುಣುಕು ಹುಟ್ಟಿಕೊಂಡರೆ ಅದು ಹೃದಯದ ಬಲಭಾಗಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುತ್ತದೆ. ಸಣ್ಣ ತುಣುಕಾದರೆ ಶ್ವಾಸಕೋಶವೇ ಸೋಸಿ ಹಿಡಿದುಕೊಳ್ಳುತ್ತದೆ. ಆದರೆ ಕೆಮ್ಮಿದಾಗ, ಮುಕ್ಕಿರಿದಾಗ, ಭಾರ ಎತ್ತಿದಾಗ ಬಲಗಡೆಯ ಒತ್ತಡ ಕ್ಷಣಕಾಲ ಏರಿ ಆ ಪೊರೆ ತೆರೆಯಬಹುದು. ಅದೇ ಹೊತ್ತಿಗೆ ಹೆಪ್ಪಿನ ತುಣುಕು ಅಲ್ಲಿದ್ದರೆ ಎಡಗಡೆಗೆ ದಾಟಿ ನೇರವಾಗಿ ಮಿದುಳಿನ ರಕ್ತನಾಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ. ಜರ್ಮನಿಯ ರೋಗಶಾಸ್ತ್ರಜ್ಞ ಯೂಲಿಯುಸ್ ಕೋನ್‌ಹೈಮ್ 1877ರಲ್ಲಿಯೇ ಲಕ್ವಾದಿಂದ ತೀರಿಕೊಂಡ ಮಹಿಳೆಯೊಬ್ಬರ ಶವಪರೀಕ್ಷೆಯಿಂದ ಈ ದಾರಿಯನ್ನು ವಿವರಿಸಿದ್ದರು.

ಹೆಪ್ಪು ಹುಟ್ಟುವುದು ಯಾವಾಗ? ಬಹಳ ಹೊತ್ತು ಅಲ್ಲಾಡದೆ ಕೂತಾಗ, ದೊಡ್ಡ ಆಪರೇಷನ್ ಆದ ಮೇಲೆ, ಮೈಯಲ್ಲಿ ನೀರಿನಂಶ ಕಡಿಮೆಯಾದಾಗ, ಕೆಲವು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ, ಬಾಣಂತನದಲ್ಲಿ. ನಮ್ಮ ಕಡೆಯ ಒಂದು ಹಳೆಯ ರೂಢಿಯನ್ನು ಇಲ್ಲಿ ಹೇಳಲೇಬೇಕು. ಬಾಣಂತಿಗೆ ನೀರು ಕೊಟ್ಟರೆ ಮೈ ಊದುತ್ತದೆ, ಶೀತವಾಗುತ್ತದೆ ಎಂದು ಗುಟುಕು ಲೆಕ್ಕದಲ್ಲಿ ಕೊಡುವ ಮನೆಗಳು ಇನ್ನೂ ಇವೆ. ಹೆರಿಗೆಯಾದ ಮೊದಲ ವಾರಗಳಲ್ಲಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚಿರುತ್ತದೆ. ಅದರ ಮೇಲೆ ನೀರಡಿಕೆ ಸೇರಿದರೆ ಅಪಾಯ ಬೆಳೆಯುತ್ತದೆ. ಮಿದುಳಿನ ಅಭಿಧಮನಿಯಲ್ಲೇ ಹೆಪ್ಪುಗಟ್ಟಿ ಬಾಣಂತಿಯರಿಗೆ ಫಿಟ್ಸ್, ಲಕ್ವಾ ಬರುವುದನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಅದು ಪಿ.ಎಫ್.ಒ.ದಿಂದ ಬರುವುದಲ್ಲ, ಚಿಕಿತ್ಸೆಯೂ ಬೇರೆ. ಎರಡಕ್ಕೂ ಮೂಲದಲ್ಲಿರುವುದು ಮಾತ್ರ ಅದೇ ಹೆಪ್ಪು. ಬಾಣಂತಿಗೆ ತಲೆನೋವು ಜೋರಾಗಿ ಕೈಕಾಲು ಸೋತರೆ ಅದನ್ನು ಬಾಣಂತಿ ಸನ್ನಿ ಎಂದು ಮನೆಯಲ್ಲಿಟ್ಟುಕೊಳ್ಳಬೇಡಿ. ಅವಳಿಗೆ ಬೇಕಾದಷ್ಟು ನೀರು ಕೊಡಿ, ಎದ್ದು ನಡೆದಾಡಲು ಬಿಡಿ.

ನಂಬಿಕೆ 3: ತೂತು ಸಿಕ್ಕಿತು, ಲಕ್ವಾದ ಕಾರಣವೂ ಸಿಕ್ಕಿತು.

ಸತ್ಯ: ನಾಲ್ವರಲ್ಲಿ ಒಬ್ಬರಿಗೆ ಇರುವ ತೂತು ಲಕ್ವಾ ಆದವರಲ್ಲೂ ಕಾಕತಾಳೀಯವಾಗಿ ಸಿಗುತ್ತದೆ. ಆದ್ದರಿಂದ ವೈದ್ಯರು ಮೊದಲು ಬೇರೆ ಎಲ್ಲ ಕಾರಣಗಳನ್ನು ಹುಡುಕಬೇಕು. ಮಿದುಳಿನ ಎಂ.ಆರ್.ಐ., ಕುತ್ತಿಗೆ ಮತ್ತು ತಲೆಯ ರಕ್ತನಾಳಗಳ ಸ್ಕ್ಯಾನ್, ರಕ್ತಪರೀಕ್ಷೆ ಬೇಕು. ಏಟ್ರಿಯಲ್ ಫಿಬ್ರಿಲೇಶನ್ ಎಂಬ ಎದೆಬಡಿತದ ಏರುಪೇರು ಇದೆಯೇ ಎಂದು ನೋಡಲು ಹೋಲ್ಟರ್ ಯಂತ್ರ ಕಟ್ಟಿ ದಿನಗಟ್ಟಲೆ ಇ.ಸಿ.ಜಿ. ತೆಗೆಯಬೇಕು. ನಮ್ಮಲ್ಲಿ ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಕೆಟ್ಟವರೂ ಇದ್ದಾರೆ. ಅವರ ಲಕ್ವಾಕ್ಕೆ ಕಾರಣ ಆ ಕವಾಟ.

ಇವಕ್ಕೆಲ್ಲ ಉತ್ತರ "ಇಲ್ಲ" ಎಂದು ಬಂದ ಮೇಲೆ ರೋಪ್ ಸ್ಕೋರ್ ಎಂಬ 10 ಅಂಕಗಳ ಲೆಕ್ಕ ನೆರವಿಗೆ ಬರುತ್ತದೆ. ಬಿ.ಪಿ. ಇಲ್ಲದಿದ್ದರೆ 1, ಸಕ್ಕರೆ ಕಾಯಿಲೆ ಇಲ್ಲದಿದ್ದರೆ 1, ಹಿಂದೆ ಲಕ್ವಾ ಆಗಿರದಿದ್ದರೆ 1, ಬೀಡಿ ಸಿಗರೇಟು ಸೇದದಿದ್ದರೆ 1, ಮಿದುಳಿನ ಹೊರಪದರಕ್ಕೆ ಪೆಟ್ಟಾಗಿದ್ದರೆ 1. ಉಳಿದ ಅಂಕ ವಯಸ್ಸಿಗೆ: ಮೂವತ್ತರೊಳಗಿನವರಿಗೆ 5, ಎಪ್ಪತ್ತು ದಾಟಿದವರಿಗೆ 0. ಬೇರಾವ ತೊಂದರೆಯೂ ಇಲ್ಲದ 28 ವರ್ಷದವರಿಗೆ 10 ಅಂಕ ಬರಬಹುದು. ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಮೂರೂ ಇದ್ದು ಮಿದುಳಿನ ಆಳದಲ್ಲಿ ಸಣ್ಣ ಪೆಟ್ಟಾದ 62 ವರ್ಷದವರಿಗೆ ಸಿಗುವುದು 2. ಅಂಕ 9-10 ಇದ್ದವರಲ್ಲಿ ಲಕ್ವಾಕ್ಕೆ ತೂತೇ ಕಾರಣವಾಗಿರುವ ಸಂಭವ ಸುಮಾರು ಶೇ. 88. ಅಂಕ 3 ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಅದು ಹೆಚ್ಚುಕಡಿಮೆ ಸೊನ್ನೆ.

ತೂತಿನ ರೂಪವೂ ಮುಖ್ಯ. ಕೈಯ ನರಕ್ಕೆ ಗುಳ್ಳೆ ಬೆರೆಸಿದ ಸಲೈನ್ ಕೊಟ್ಟು, ಮುಕ್ಕಿರಿಯಲು ಹೇಳಿ, ಎಕೋದಲ್ಲಿ ಎಷ್ಟು ಗುಳ್ಳೆಗಳು ಎಡಕ್ಕೆ ದಾಟಿದವು ಎಂದು ನೋಡುತ್ತಾರೆ. ಇದೇ ಬಬಲ್ ಟೆಸ್ಟ್. ಅನ್ನನಾಳಕ್ಕೆ ನಳಿಕೆ ಇಳಿಸಿ ಮಾಡುವ ಎಕೋದಲ್ಲಿ ನಡುಗೋಡೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಗುಳ್ಳೆಗಳು ಹೇರಳವಾಗಿ ದಾಟಿದರೆ, ಅಥವಾ ನಡುಗೋಡೆ ಸಡಿಲವಾಗಿ ಅತ್ತಿತ್ತ ಓಲಾಡುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ.

ನಂಬಿಕೆ 4: ತೂತು ಮುಚ್ಚುವುದು ಆಸ್ಪತ್ರೆಯವರು ದುಡ್ಡಿಗಾಗಿ ಹೇಳುವುದು, ಪ್ರಯೋಜನವಿಲ್ಲ.

ಸತ್ಯ: ಸರಿಯಾಗಿ ಆರಿಸಿದ ರೋಗಿಗೆ ಪ್ರಯೋಜನವಿದೆ ಎಂಬುದು ಅಧ್ಯಯನಗಳಿಂದ ಸಾಬೀತಾಗಿದೆ. 2012-13ರಲ್ಲಿ ಬಂದ ಮೊದಲ ಮೂರು ಅಧ್ಯಯನಗಳಲ್ಲಿ ಲಾಭ ಖಚಿತವಾಗಿ ಕಾಣಲಿಲ್ಲ. ಅನುಮಾನ ಉಳಿದದ್ದು ಅದರಿಂದಲೇ. 2017ರಲ್ಲಿ ಒಟ್ಟಿಗೇ ಪ್ರಕಟವಾದ ಮೂರು ಅಧ್ಯಯನಗಳು ಚಿತ್ರವನ್ನು ಬದಲಿಸಿದವು. ಅವುಗಳಲ್ಲಿ ಕ್ಲೋಸ್ ಎಂಬ ಅಧ್ಯಯನ ರೋಗಿಗಳನ್ನು ಬಿಗಿಯಾಗಿ ಆರಿಸಿಕೊಂಡಿತ್ತು: 16ರಿಂದ 60 ವರ್ಷದವರು, ಲಕ್ವಾಕ್ಕೆ ಬೇರೆ ಕಾರಣ ಸಿಗದವರು, ತೂತು ದೊಡ್ಡದಿರುವವರು ಅಥವಾ ನಡುಗೋಡೆ ಓಲಾಡುವವರು. ಐದು ವರ್ಷಕ್ಕೂ ಮಿಕ್ಕಿ ಗಮನಿಸಿದಾಗ ತೂತು ಮುಚ್ಚಿಸಿಕೊಳ್ಳುವ ಗುಂಪಿನ 238 ಜನರಲ್ಲಿ ಒಬ್ಬರಿಗೂ ಮತ್ತೆ ಲಕ್ವಾ ಆಗಲಿಲ್ಲ. ಬರೀ ಆಸ್ಪಿರಿನ್ ಬಗೆಯ ಮಾತ್ರೆ ತೆಗೆದುಕೊಂಡ 235 ಜನರಲ್ಲಿ 14 ಮಂದಿಗೆ ಆಯಿತು.

2021ರಲ್ಲಿ ಆರು ಅಧ್ಯಯನಗಳ 3,740 ರೋಗಿಗಳ ವಿವರವನ್ನು ಒಟ್ಟು ಮಾಡಿ ನೋಡಿದಾಗ, ಮತ್ತೆ ಲಕ್ವಾ ಆಗುವ ಪ್ರಮಾಣ ಮಾತ್ರೆಯವರಲ್ಲಿ ವರ್ಷಕ್ಕೆ ಶೇ. 1.09, ಮುಚ್ಚಿಸಿಕೊಂಡವರಲ್ಲಿ ಶೇ. 0.47 ಎಂದು ಕಂಡಿತು. ತೂತೇ ಕಾರಣ ಎಂಬ ಸಂಭವ ಹೆಚ್ಚಿದ್ದವರಿಗೆ ಲಾಭ ಬಹಳ ದೊಡ್ಡದು. ತೂತು ಕಾರಣವಲ್ಲ ಎನಿಸಿದವರಿಗೆ ಲಾಭವೇ ಕಾಣಲಿಲ್ಲ. ಒಂದೇ ಚಿಕಿತ್ಸೆ ಒಬ್ಬರಿಗೆ ರಕ್ಷೆ, ಇನ್ನೊಬ್ಬರಿಗೆ ವ್ಯರ್ಥ ಖರ್ಚು.

ನಂಬಿಕೆ 5: ಹಾಗಾದರೆ ತೂತಿರುವ ಎಲ್ಲರೂ ಮುಂಚಿತವಾಗಿ ಮುಚ್ಚಿಸಿಕೊಳ್ಳುವುದು ಒಳ್ಳೆಯದು.

ಸತ್ಯ: ಲಕ್ವಾ ಆಗದವರಿಗೆ, ಬೇರಾವುದೋ ತಪಾಸಣೆಯಲ್ಲಿ ಆಕಸ್ಮಿಕವಾಗಿ ಪಿ.ಎಫ್.ಒ. ಕಂಡವರಿಗೆ, ಲಕ್ವಾ ತಡೆಯಲೆಂದು ಅದನ್ನು ಮುಚ್ಚುವುದಿಲ್ಲ. ಬರೀ ಮೈಗ್ರೇನ್ ತಲೆನೋವಿಗಾಗಿ ಮುಚ್ಚಿ ನೋಡಿದ ಪ್ರಯೋಗಗಳೂ ತಮ್ಮ ಮುಖ್ಯ ಗುರಿಯನ್ನು ಮುಟ್ಟಲಿಲ್ಲ. ಚಿಕಿತ್ಸೆಗೆ ತನ್ನದೇ ಅಪಾಯವೂ ಇದೆ. ಕ್ಲೋಸ್ ಅಧ್ಯಯನದಲ್ಲಿ ಮುಚ್ಚಿಸಿಕೊಂಡವರ ಪೈಕಿ ಶೇ. 4.6 ಮಂದಿಗೆ ಏಟ್ರಿಯಲ್ ಫಿಬ್ರಿಲೇಶನ್ ಕಾಣಿಸಿತು, ಮಾತ್ರೆಯವರಲ್ಲಿ ಶೇ. 0.9. ಹೆಚ್ಚಿನವರಲ್ಲಿ ಇದು ಮೊದಲ ವಾರಗಳಲ್ಲಿ ಬಂದು ಹೋಗುತ್ತದೆ. ಆದರೂ ಬೇಡದವರಿಗೆ ಇದನ್ನೇಕೆ ತಂದುಕೊಡಬೇಕು?

ನಂಬಿಕೆ 6: ಎದೆ ಸೀಳಬೇಕು, ಆಮೇಲೆ ತೋಟದ ಕೆಲಸಕ್ಕೆ ಆಗುವುದಿಲ್ಲ.

ಸತ್ಯ: ಎದೆ ಸೀಳುವುದಿಲ್ಲ. ತೊಡೆಸಂದಿನ ಅಭಿಧಮನಿಯಿಂದ ಸಪೂರ ನಳಿಕೆಯನ್ನು ಹೃದಯದವರೆಗೆ ಸಾಗಿಸಿ, ತೂತಿನ ಆಚೆ ಒಂದು, ಈಚೆ ಒಂದು ಬಿಲ್ಲೆ ಬಿಚ್ಚಿಕೊಳ್ಳುವಂತೆ ಡಿವೈಸ್ ಕೂರಿಸುತ್ತಾರೆ. ಇದು ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ತಂತಿಯದು. ನಿಕ್ಕಲ್ ಅಲರ್ಜಿ ಇದ್ದವರು ಮೊದಲೇ ಹೇಳಬೇಕು. ಸಾಮಾನ್ಯವಾಗಿ ಒಂದೆರಡು ತಾಸಿನೊಳಗೆ ಮುಗಿಯುತ್ತದೆ, ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ತಿಂಗಳುಗಳಲ್ಲಿ ಹೃದಯದ ಒಳಪೊರೆ ಅದರ ಮೇಲೆ ಬೆಳೆದು ಮುಚ್ಚಿಕೊಳ್ಳುತ್ತದೆ.

ಮೊದಲ ಕೆಲವು ವಾರ ಭಾರ ಎತ್ತುವುದು, ಮರ ಹತ್ತುವುದು ಬೇಡ. ಆಮೇಲೆ ವೈದ್ಯರು ಎಕೋ ನೋಡಿ ಒಪ್ಪಿದರೆ, ಲಕ್ವಾದಿಂದ ಕೈಕಾಲಿನ ಬಲ ಮರಳಿದ್ದರೆ, ಹೆಚ್ಚಿನ ಕೆಲಸಗಳಿಗೆ ಮರಳಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಕತ್ತಿ ಹಿಡಿಯುವವರು, ಕೊನೆ ಕೊಯ್ಯುವವರು ಇದನ್ನು ನೆನಪಿಡಬೇಕು.

ನಂಬಿಕೆ 7: ತೂತು ಮುಚ್ಚಿದ ಮೇಲೆ ಮಾತ್ರೆ ಬೇಡ, ಕವಳ ಮತ್ತೆ ಶುರು ಮಾಡಬಹುದು.

ಸತ್ಯ: ಡಿವೈಸ್ ಮೇಲೆ ಹೆಪ್ಪುಗಟ್ಟದಿರಲು ಆಸ್ಪಿರಿನ್ ಜೊತೆ ಕ್ಲೊಪಿಡೊಗ್ರೆಲ್ ಅನ್ನು ಒಂದರಿಂದ ಆರು ತಿಂಗಳು ಕೊಡುತ್ತಾರೆ. ಆಮೇಲೂ ಒಂದು ಮಾತ್ರೆ ವರ್ಷಗಟ್ಟಲೆ ಮುಂದುವರಿಯುತ್ತದೆ. ಮೊದಲ ಆರು ತಿಂಗಳಲ್ಲಿ ಹಲ್ಲು ಕೀಳಿಸುವುದಿದ್ದರೆ ದಂತವೈದ್ಯರಿಗೆ ಡಿವೈಸ್ ವಿಷಯ ಹೇಳಿ. ಸೋಂಕು ತಡೆಯುವ ಔಷಧಿ ಬೇಕಾಗುತ್ತದೆ.

ಮುಚ್ಚುವುದು ಒಂದು ದಾರಿಯನ್ನು ಮಾತ್ರ. ಬಿ.ಪಿ., ಸಕ್ಕರೆ, ಕೊಲೆಸ್ಟ್ರಾಲ್‌ನಿಂದ ಬರುವ ಲಕ್ವಾದ ದಾರಿಗಳು ತೆರೆದೇ ಇರುತ್ತವೆ. ತಂಬಾಕು ಬೀಡಿಯಲ್ಲಿದ್ದರೂ ಕವಳದಲ್ಲಿದ್ದರೂ ರಕ್ತನಾಳಕ್ಕೆ ಕೆಡುಕೇ.

ನಂಬಿಕೆ 8: ತೂತು ತುರ್ತು, ಲಕ್ವಾ ಹೇಗೂ ಆಗಿಹೋಯಿತು.

ಸತ್ಯ: ಇದು ತಲೆಕೆಳಗಾದ ಲೆಕ್ಕ, ನಮ್ಮ ಸೀಮೆಗೆ ಹೆಚ್ಚು ನಷ್ಟ ತರುವುದೂ ಇದೇ. ಮುಖ ಸೊಟ್ಟಗಾದರೆ, ಕೈ ಬಿದ್ದರೆ, ಮಾತು ತೊದಲಿದರೆ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಸಮಯ ಸಾಮಾನ್ಯವಾಗಿ ನಾಲ್ಕೂವರೆ ತಾಸು. ಯಲ್ಲಾಪುರದಿಂದ ಹುಬ್ಬಳ್ಳಿಗೆ ಸುಮಾರು 70 ಕಿ.ಮೀ., ಶಿರಸಿಯಿಂದ ಸುಮಾರು 100, ಸಿದ್ದಾಪುರದಿಂದ ಶಿವಮೊಗ್ಗಕ್ಕೂ ನೂರು ದಾಟುತ್ತದೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೂಗುತ್ತಿರುವುದು ಸುಮ್ಮನೆ ಅಲ್ಲ. ಎಣ್ಣೆ ತಿಕ್ಕುತ್ತ, ನಾಟಿ ಔಷಧಿಗೆ ಅಲೆಯುತ್ತ ಕಳೆದ ಒಂದೊಂದು ತಾಸೂ ಮಿದುಳಿನ ನಷ್ಟ. ಕೂಡಲೇ 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಹತ್ತಿರದಲ್ಲಿ ಎಲ್ಲಿದೆ ಎಂದು ಕೇಳಿ. ಹತ್ತು ನಿಮಿಷದಲ್ಲಿ ತಾನಾಗಿ ಸರಿಹೋದರೂ ಹೋಗಲೇಬೇಕು. ಅದು ಮುಂದಿನ ದೊಡ್ಡ ಲಕ್ವಾದ ಎಚ್ಚರಿಕೆ ಆಗಿರಬಹುದು.

ತೂತಿನ ವಿಷಯದಲ್ಲಿ ಅಂಥ ಅವಸರವಿಲ್ಲ. ಅಧ್ಯಯನಗಳಿಗೆ ಲಕ್ವಾ ಆಗಿ ಆರರಿಂದ ಒಂಬತ್ತು ತಿಂಗಳೊಳಗಿನ ರೋಗಿಗಳನ್ನೂ ಸೇರಿಸಿಕೊಂಡಿದ್ದರು. ಮಾತ್ರೆ ತಪ್ಪಿಸದೆ, ಎಲ್ಲ ತಪಾಸಣೆ ಮುಗಿಸಿ, ನರರೋಗ ತಜ್ಞರು ಮತ್ತು ಹೃದ್ರೋಗ ತಜ್ಞರು ಇಬ್ಬರೂ ಒಪ್ಪಿದ ಮೇಲೆ ದಿನ ಗೊತ್ತು ಮಾಡಬಹುದು. ಆರೋಗ್ಯ ಕರ್ನಾಟಕ ಕಾರ್ಡು ಇದ್ದವರು, ಸಹಕಾರಿ ಸಂಘದ ಮೂಲಕ ಯಶಸ್ವಿನಿ ಮಾಡಿಸಿದವರು ತಮ್ಮ ಚಿಕಿತ್ಸೆಗೆ ನೆರವು ಸಿಗುವುದೇ ಎಂದು ಮೊದಲೇ ಬರಹದಲ್ಲಿ ಕೇಳಿಕೊಳ್ಳಲಿ.

ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ ಐದು ಪ್ರಶ್ನೆ

1. ಎಂ.ಆರ್.ಐ.ಯಲ್ಲಿ ಕಂಡ ಪೆಟ್ಟು ಹೆಪ್ಪಿನ ತುಣುಕಿನಿಂದ ಆದದ್ದೋ, ಬಿ.ಪಿ.ಯಿಂದ ಸಣ್ಣ ನಾಳ ಮುಚ್ಚಿ ಆದದ್ದೋ?
2. ಎದೆಬಡಿತದ ಏರುಪೇರಿಗೆ ಎಷ್ಟು ದಿನ ಪರೀಕ್ಷೆ ಮಾಡಿದ್ದೀರಿ?
3. ಕಾಲಿನಲ್ಲಿ ಹೆಪ್ಪಿದೆಯೇ, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚಿದೆಯೇ ಎಂದು ನೋಡಿದ್ದೀರಾ?
4. ರೋಪ್ ಸ್ಕೋರ್ ಎಷ್ಟು? ತೂತು ದೊಡ್ಡದೋ, ನಡುಗೋಡೆ ಓಲಾಡುತ್ತದೆಯೋ?
5. ಮುಚ್ಚಿದರೆ, ಮುಚ್ಚದಿದ್ದರೆ, ಮುಂದಿನ ಐದು ವರ್ಷದಲ್ಲಿ ಮತ್ತೆ ಲಕ್ವಾ ಆಗುವ ಸಂಭವ ಎಷ್ಟೆಷ್ಟು?

ಈ ಐದಕ್ಕೂ ಬಿಡಿಸಿ ಉತ್ತರ ಕೊಡುವ ವೈದ್ಯರು ಮುಚ್ಚಿಸಿಕೊಳ್ಳಿ ಎಂದರೆ ಹೆದರದೆ ಒಪ್ಪಿಕೊಳ್ಳಿ. ಬೇಡ ಎಂದರೆ ಅದನ್ನೂ ಅಷ್ಟೇ ನೆಮ್ಮದಿಯಿಂದ ಒಪ್ಪಿಕೊಂಡು, ಮಾತ್ರೆಯನ್ನು ಒಂದು ದಿನವೂ ತಪ್ಪಿಸಬೇಡಿ.