ಗುಮ್ಮಟದಿಂದ ದ್ವೀಪದವರೆಗೆ: ಹೃದ್ರೋಗದ ಬಳಿಕ ಒಂದು ದೀರ್ಘ ಪ್ರಯಾಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ಹಿರಿಯರ ನುಡಿ. ಕೋಶವನ್ನು ಮನೆಯಲ್ಲಿ ಕುಳಿತು ಓದಬಹುದು. ದೇಶ ಸುತ್ತುವುದಕ್ಕೆ ಮಾತ್ರ ದೇಹದ ಸಮ್ಮತಿ ಬೇಕು. ಹೃದಯಾಘಾತದಿಂದ ಚೇತರಿಸಿಕೊಂಡವರ ಮನೆಗಳಲ್ಲಿ ಈ ಸಮ್ಮತಿಯ ಪ್ರಶ್ನೆ ಬಹುಕಾಲ ಬಗೆಹರಿಯದೆ ಉಳಿಯುತ್ತದೆ. ತಾನು ಮೊದಲಿನಂತೆಯೇ ಇರುವೆನೆಂದು ತೋರಿಸಿಕೊಳ್ಳಲು ರೋಗಿ ಹಂಬಲಿಸುತ್ತಾನೆ. ಮನೆಯವರು ಆತನನ್ನು ಗಾಜಿನ ಪಾತ್ರೆಯಂತೆ ಕಾಯುತ್ತಾರೆ. ಇವೆರಡೂ ಸಲ್ಲವೆಂಬುದನ್ನು ಪುಣೆಯಲ್ಲಿ ನೆಲೆಸಿದ ಕನ್ನಡ ದಂಪತಿಗಳು ತಮ್ಮ ಕಾರು ಪ್ರಯಾಣದಲ್ಲಿ ಕಂಡುಕೊಂಡ ಬಗೆ ಇಲ್ಲಿದೆ.

ಪತಿ ಅರುವತ್ತೆರಡರ ನಿವೃತ್ತ ಇಂಜಿನಿಯರು. ವರ್ಷದ ಹಿಂದೆ ಹೃದಯದ ರಕ್ತನಾಳವೊಂದು ಕಟ್ಟಿಕೊಂಡು ಸ್ಟೆಂಟ್ ಅಳವಡಿಸಲಾಗಿತ್ತು. ಪತ್ನಿ ಆ ಬಳಿಕವೇ ಕಾರು ನಡೆಸಲು ಕಲಿತವರು. ಮಲ್ಪೆಯ ಸೈಂಟ್ ಮೇರಿಸ್ ದ್ವೀಪವನ್ನು ತೋರಿಸುವೆನೆಂದು ಮದುವೆಯ ಹೊಸದರಲ್ಲಿ ಪತಿ ಕೊಟ್ಟ ಮಾತು ಮೂವತ್ತು ವರ್ಷ ಕಳೆದರೂ ಈಡೇರಿರಲಿಲ್ಲ. ತಪಾಸಣೆ ನಡೆಸಿದ ವೈದ್ಯರು ಜನವರಿಯಲ್ಲಿ ಹೋಗಿಬರಲು ಒಪ್ಪಿದರು. ಎರಡು ಗಂಟೆಗೊಮ್ಮೆ ಇಳಿದು ನಡೆಯಬೇಕು, ಊಟವಾದ ಕೂಡಲೇ ಏರು ಹತ್ತಬಾರದು ಎಂಬ ಎರಡು ಎಚ್ಚರಿಕೆಗಳನ್ನೂ ನೀಡಿದರು.

ಗುಮ್ಮಟದ ಮೆಟ್ಟಿಲುಗಳು

ಮೊದಲ ದಿನವೇ ಆ ಎರಡು ಮಾತುಗಳೂ ಮರೆತುಹೋದವು. ಸೊಲ್ಲಾಪುರದ ಮಾರ್ಗವಾಗಿ ವಿಜಯಪುರಕ್ಕೆ ಸುಮಾರು 350 ಕಿ.ಮೀ. ದೂರವನ್ನು ಪತಿಯೇ ಹಠದಿಂದ ಕ್ರಮಿಸಿದರು; ದಾರಿಯಲ್ಲಿ ನಿಂತದ್ದು ಒಮ್ಮೆ ಮಾತ್ರ. ಜೋಳದ ರೊಟ್ಟಿ, ಎಣ್ಣೆಗಾಯಿಗಳ ತುಂಬು ಊಟವಾದ ಬಳಿಕ ನೇರವಾಗಿ ಗೋಳಗುಮ್ಮಟಕ್ಕೆ ನಡೆದರು. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಿದು. ನಾಲ್ಕು ಮೂಲೆಗಳಲ್ಲಿ ಏಳು ಅಂತಸ್ತಿನ ಗೋಪುರಗಳು. ಅವುಗಳೊಳಗಿನ ಕಿರಿದಾದ ಮೆಟ್ಟಿಲುಗಳನ್ನು ಹತ್ತಿದರೆ ಪಿಸುಮಾತಿನ ಮೊಗಸಾಲೆ. ಅಲ್ಲಿ ಗೋಡೆಗೆ ಮುಖವಿಟ್ಟು ಮೆಲ್ಲನೆ ನುಡಿದುದು ಎದುರು ಬದಿಯಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ಮೂರನೆಯ ಅಂತಸ್ತಿನಲ್ಲಿ ಪತಿಯ ಎದೆಯ ನಡುವೆ ಬಿಗಿತ ಕಾಣಿಸಿಕೊಂಡಿತು. ನೋವು ದವಡೆಯವರೆಗೂ ಹರಡಿತು.

"ಏನಿಲ್ಲ, ನೀನು ಮುಂದೆ ನಡೆ. ನಾನು ಬರುತ್ತೇನೆ" ಎಂದರು.

"ಇಲ್ಲ ರೀ, ಇಲ್ಲಿಯೇ ಕುಳಿತುಕೊಳ್ಳಿ" ಎಂದು ಪತ್ನಿ ಅವರನ್ನು ಮೆಟ್ಟಿಲ ಮೇಲೆ ಕೂರಿಸಿ, ವೈದ್ಯರು ಬರೆದುಕೊಟ್ಟಿದ್ದ ಮಾತ್ರೆಯನ್ನು ನಾಲಿಗೆಯ ಕೆಳಗೆ ಇರಿಸಿದರು. ಈ ಮಾತ್ರೆ ರಕ್ತದೊತ್ತಡವನ್ನು ಇಳಿಸುವುದರಿಂದ ನಿಂತು ಸೇವಿಸಬಾರದು. ಐದು ನಿಮಿಷಗಳಲ್ಲಿ ನೋವು ಇಳಿಯದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಅಂದು ನೋವು ಇಳಿಯಿತು. ಆದರೂ ಪತ್ನಿ ಬಿಡದೆ ಆಸ್ಪತ್ರೆಗೆ ಕರೆದೊಯ್ದರು. ಇ.ಸಿ.ಜಿ. ಮತ್ತು ರಕ್ತಪರೀಕ್ಷೆಗಳಲ್ಲಿ ಹೊಸ ಆಘಾತದ ಗುರುತು ಕಾಣಲಿಲ್ಲ. ಅಲ್ಲಿಯ ವೈದ್ಯರು ಪುಣೆಯ ವೈದ್ಯರೊಡನೆ ಮಾತನಾಡಿ ಔಷಧವನ್ನು ಬದಲಿಸಿ, ಎರಡು ದಿನಗಳ ವಿಶ್ರಾಂತಿ ವಿಧಿಸಿದರು. ಏರು ಹತ್ತುವುದು ಸಂಪೂರ್ಣ ನಿಷಿದ್ಧ. ನೋವು ಮರುಕಳಿಸಿದರೆ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಬೇಕು ಎಂದರು.

ಆ ರಾತ್ರಿ ಪತ್ನಿ ಹಿಂದಿರುಗುವ ಮಾತೆತ್ತಿದರು. ಪತಿ ಬಹಳ ಹೊತ್ತು ಸುಮ್ಮನಿದ್ದು, "ನಿನ್ನ ಕಣ್ಣಿಗೆ ನಾನು ರೋಗಿಯಾಗಿ ಉಳಿಯಬಾರದೆಂದು ಹತ್ತಿದೆ" ಎಂದರು. ಪತ್ನಿಯೂ ತಮ್ಮ ಅಂಜಿಕೆಯನ್ನು ಬಚ್ಚಿಡಲಿಲ್ಲ. ವರ್ಷದಿಂದ ರಾತ್ರಿಯೆಲ್ಲ ಎಚ್ಚರಗೊಂಡು ಪತಿಯ ಉಸಿರನ್ನು ಆಲಿಸುತ್ತಿದ್ದುದನ್ನು ಅಂದೇ ಮೊದಲ ಬಾರಿಗೆ ಹೇಳಿಕೊಂಡರು. ಮೊಗಸಾಲೆಯಲ್ಲಿ ಆಡಬೇಕೆಂದಿದ್ದ ಪಿಸುಮಾತು ವಸತಿಗೃಹದ ಕೋಣೆಯಲ್ಲಿ ನಡೆಯಿತು.

ಹೊಸ ನಿಯಮ, ಹೊಸ ನೋಟ

ಅಲ್ಲಿಂದ ಮುಂದೆ ಪ್ರಯಾಣದ ಕ್ರಮವೇ ಬದಲಾಯಿತು. ಕಾರು ನಡೆಸುವವರು ಪತ್ನಿ. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಚಾಲನೆಯಿಲ್ಲ. ನೋಡುವುದೆಲ್ಲ ಬೆಳಗಿನ ತಂಪಿನಲ್ಲಿ, ಮಧ್ಯಾಹ್ನ ವಿಶ್ರಾಂತಿ. ಬಹುಹೊತ್ತು ಕಾಲು ಮಡಿಸಿ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಆಗಾಗ ಇಳಿದು ಸಮತಟ್ಟಾದ ಕಡೆ ನಡೆಯುತ್ತಿದ್ದರು.

ಬಾದಾಮಿಯ ಮೂರನೆಯ ಗುಹಾಲಯದಲ್ಲಿ ಚಾಲುಕ್ಯ ಮಂಗಳೇಶನ 578ರ ಶಾಸನವಿದೆ. ಅದನ್ನು ನೋಡಲು ಪತ್ನಿ ಒಬ್ಬರೇ ಹತ್ತಿದರು. ಪತಿ ಅಗಸ್ತ್ಯ ತೀರ್ಥದ ದಡದಲ್ಲಿ ಭೂತನಾಥ ಗುಡಿಯನ್ನು ನೋಡುತ್ತ ಕುಳಿತರು. ಪಟ್ಟದಕಲ್ಲು ಸಮತಟ್ಟಾದ ನೆಲ. ಅಲ್ಲಿ ಇಬ್ಬರೂ ಜೊತೆಯಾಗಿ ನಡೆದರು. ಅಲ್ಲಿಯ ವಿರೂಪಾಕ್ಷ ದೇವಾಲಯವು, ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದುದು. ಹಂಪೆಯಲ್ಲಿ ಮಾತಂಗ ಪರ್ವತವನ್ನು ಕೆಳಗಿನಿಂದಲೇ ವಂದಿಸಿ, ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ವಾಹನದಲ್ಲಿ ಹೋದರು.

ಹೀಗೆ ನಿಧಾನವಾಗಿ ಸಾಗಿದಾಗ ಇಂಜಿನಿಯರ ಕಣ್ಣಿಗೆ ಹೊಸದೊಂದು ಕಂಡಿತು: ದಾರಿಯುದ್ದಕ್ಕೂ ಕಲ್ಲು ಬದಲಾಗುತ್ತಿತ್ತು. ಪುಣೆಯ ನೆಲವೂ ಗೋಳಗುಮ್ಮಟದ ಗೋಡೆಯೂ ಕಪ್ಪು ಬಸಾಲ್ಟ್. ಬಾದಾಮಿಯದು ಕೆಂಪು ಮರಳುಗಲ್ಲು. ಹಂಪೆಯದು ಗ್ರಾನೈಟ್ ಬಂಡೆ. ಬಳಿಕ ದಾವಣಗೆರೆಯಲ್ಲಿ ತಂಗಿ, ಕೆಳದಿ ನಾಯಕರ ಇಕ್ಕೇರಿಯಲ್ಲಿ ಅಘೋರೇಶ್ವರನನ್ನು ಕಂಡು, ಕೊಲ್ಲೂರಿನ ಘಟ್ಟ ಇಳಿದು, ಆಳುಪರ ಬಾರ್ಕೂರನ್ನು ಹಾದು ಮಲ್ಪೆಯನ್ನು ಸೇರಿದರು.

ಬೆಂಕಿಯಲ್ಲಿ ಹುಟ್ಟಿದ ದ್ವೀಪ

ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯೊಳಗೆ ದ್ವೀಪ ಸಿಗುತ್ತದೆ. ಮಳೆಗಾಲದಲ್ಲಿ ದೋಣಿಗಳಿಲ್ಲ. ತೆಂಗಿನ ಮರಗಳ ಕೆಳಗೆ, ಕಡಲಿನ ಅಂಚಿನಲ್ಲಿ, ಯಾರೋ ಕಡೆದು ನಿಲ್ಲಿಸಿದಂತಹ ಕಲ್ಲಿನ ಕಂಬಗಳ ಸಾಲು. ಐದು, ಆರು, ಏಳು ಮುಖಗಳು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದಲ್ಲಿ, ಇಲ್ಲಿ ಲಾವಾರಸ ಉಕ್ಕಿತು. ದಖ್ಖನಿನ ಬಸಾಲ್ಟ್ ಉಕ್ಕಿದ್ದು ಇನ್ನೂ ಈಚೆಗೆ, ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಇದೇ ಬಗೆಯ ಕಂಬಗಳನ್ನು ಮುಂಬಯಿಯ ಕನ್ನಡಿಗರು ಅಂಧೇರಿಯ ಗಿಲ್ಬರ್ಟ್ ಹಿಲ್‌ನಲ್ಲಿ ನೋಡಬಹುದು. ಲಾವಾರಸ ಆರುವಾಗ ಕುಗ್ಗುತ್ತದೆ. ಕುಗ್ಗುವಾಗ ಬಿರುಕು ಬಿಡುತ್ತದೆ. ಆ ಬಿರುಕುಗಳು ಕ್ರಮವಾಗಿ ಒಳಕ್ಕಿಳಿದು ಕಂಬಗಳ ರೂಪ ಕೊಡುತ್ತವೆ.

ಹಲವರು ಕಂಬಗಳನ್ನೇರಿ ಛಾಯಾಚಿತ್ರ ತೆಗೆಸಿಕೊಳ್ಳುತ್ತಿದ್ದರು. ಪತಿ ಏರಲಿಲ್ಲ, ಏರಬೇಡಿರೆಂದು ಪತ್ನಿ ಹೇಳಲೂ ಇಲ್ಲ. ಇಬ್ಬರೂ ತೆಂಗಿನ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದರು. ಹತ್ತು ದಿನಗಳೆಂದು ಹೊರಟ ಪ್ರಯಾಣ ಹದಿನಾರು ದಿನಗಳಾಯಿತು. ಮನೆಗೆ ಮರಳಿದ ಮೇಲೆ ಪತ್ನಿ ರಾತ್ರಿ ಎಚ್ಚರಗೊಳ್ಳುವುದು ಕಡಿಮೆಯಾಗಿದೆ. ಪತಿಯೂ ಸುಸ್ತಾದರೆ ಸುಸ್ತಾಯಿತೆಂದು ಬಾಯಿಬಿಟ್ಟು ಹೇಳುತ್ತಾರೆ.

ಹೃದ್ರೋಗದಿಂದ ಚೇತರಿಸಿಕೊಂಡವರು ಪ್ರವಾಸವನ್ನು ತೊರೆಯಬೇಕಾಗಿಲ್ಲ. ವೈದ್ಯರ ಒಪ್ಪಿಗೆ ಪಡೆದು, ಔಷಧಗಳನ್ನೂ ಹಳೆಯ ಇ.ಸಿ.ಜಿ. ಪ್ರತಿಯನ್ನೂ ಕೈಗೆಟಕುವಂತೆ ಇರಿಸಿಕೊಂಡು, ಒಂದು ದಿನವೂ ಮಾತ್ರೆ ತಪ್ಪಿಸದೆ ಹೊರಡಲಿ. ಎಲ್ಲಕ್ಕಿಂತ ಮಿಗಿಲಾಗಿ, ಎದೆಯಲ್ಲಿ ನೋವು ಕಂಡಾಗ ಅದನ್ನು ಜೊತೆಗಿರುವವರಿಂದ ಮರೆಮಾಚದಿರಲಿ.